ಅಳಿಸುವ ಪಾಠ

ಮೊನ್ನೆ ಗ್ಯಾಸಿನ ಪುಸ್ತಕ ಹುಡುಕಲು ಹೋಗಿ ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದೆ. ಪುಸ್ತಕ ಅದರಲ್ಲಿ ಇರಲಿಲ್ಲ. ಅದು ಫ್ರಿಜ್ಜಿನ ಮೇಲಿದೆ ಎಂದು ನನ್ನ ಹೆಂಡತಿ ಹೇಳಿದ್ದು ನಾನು ಏಣಿ ಹತ್ತಿ, ಧೂಳು ಕುಡಿದು, ನಾಲ್ಕು ಸಲ ಸೀನಿದ ಮೇಲೆ. ಇಳಿಸಿದ್ದು ಇಳಿಸಿಯಾಯಿತು, ಒಳಗೇನಿದೆ ನೋಡೋಣ ಎಂದು ಅಲ್ಲೇ ನೆಲದ ಮೇಲೆ ಕೂತೆ. ಹೀಗೆ ಕೂತವನು ಬೇಗ ಏಳುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಸಿಕ್ಕಿದ್ದು ನೂರು ಪುಟದ ಒಂದು ನೋಟ್‌ಬುಕ್ಕು. ಮೊದಲ ಪುಟದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು. ಮಧ್ಯೆ ‘ಶ್ರೀ’ ಎಂದು ಬರೆದು, ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ಹೀಗಿತ್ತು: ‘ಎಲ್ ಎಸ್ ಅಂದ್ರೆ ಏನೇನೈತೆ ನೋಡೋದು. ಸಿ ಡಿ ಅಂದ್ರೆ ಒಳಕ್ಕೆ ಹೋಗೋದು. ಸಿ ಡಿ ಚುಕ್ಕಿ ಚುಕ್ಕಿ ಅಂದ್ರೆ ಈಚಿಗ್ ಬರೋದು. ಆರ್ ಎಂ ಅಂದ್ರೆ ಅಳಿಸೋದು. ಆರ್ ಎಂ ಹೊಡೆಯೋ ಮುಂಚೆ ಸಾರ್‌ನ ಕರಿಯೋದು.’ ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿತ್ತು. ಅದು ನಮ್ಮ ಓಂಕಾರಣ್ಣನ ನೋಟ್‌ಬುಕ್ಕು, ಪಾಠ ಮುಗಿದ ಮೇಲೆ ನನ್ನ ಹತ್ತಿರವೇ ಉಳಿದುಹೋಗಿತ್ತು. ಅದರಲ್ಲಿ ಬರುವ ‘ಸಾರ್’ ನಾನು. ಓದುತ್ತ ಓದುತ್ತ ನಗು ಬಂತು, ಆಮೇಲೆ ಮುಖ ಬಿಸಿಯಾಯಿತು. ನಾಚಿಕೆಯ ಕಾರಣ ಮುಂದೆ ಹೇಳುತ್ತೇನೆ.

ನಾನು ಕೆಲಸ ಮಾಡುವುದು ಕಡೂರಿನ ಒಂದು ಕೇಬಲ್ ಆಫೀಸಿನಲ್ಲಿ. ಮೊದಲು ಟೀವಿಯ ಕೇಬಲ್ ಮಾತ್ರ ಕೊಡುತ್ತಿದ್ದೆವು, ಈಗ ಇಂಟರ್‌ನೆಟ್ಟನ್ನೂ ಕೊಡುತ್ತೇವೆ. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಯೂರಿಯಾ ವಾಸನೆ ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಭಾನುವಾರ ಅದಿಲ್ಲದೆ ಏನೋ ಕಳೆದುಕೊಂಡ ಹಾಗಿರುತ್ತದೆ. ಕಡೂರಿನಲ್ಲೊಂದು, ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು, ಹೀಗೆ ನಮಗೆ ಮೂರು ಸರ್ವರುಗಳು. ಮೂರನ್ನೂ ನಡೆಸುವುದು ಲಿನಕ್ಸು, ವಿಂಡೋಸಿನ ಬದಲಿಗೆ ಹಾಕಿಕೊಳ್ಳುವ ಪುಕ್ಕಟೆ ವ್ಯವಸ್ಥೆ. ಅವುಗಳಿಗೆ ಆಯಾ ಊರಿನ ಹೆಸರನ್ನೇ ಇಟ್ಟಿದ್ದೇವೆ. ಹಾಗಾಗಿ ‘ತರೀಕೆರೆ ಯಾಕೋ ಬೆಳಿಗ್ಗೆಯಿಂದ ಮಂಕಾಗೈತೆ’, ‘ಅಜ್ಜಂಪುರಕ್ಕೆ ಜಾಗ ಸಾಲ್ತಿಲ್ಲ’ ಎಂಬ ಮಾತುಗಳು ನಮ್ಮಲ್ಲಿ ದಿನವೂ ನಡೆಯುತ್ತವೆ. ಹೊಸಬರು ಕೇಳಿದರೆ ಪುರಸಭೆಯವರು ಎಂದುಕೊಂಡಾರು.

ಲಿನಕ್ಸನ್ನು ನಾನು ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಕಡೂರಿನಲ್ಲಿ ನನ್ನ ಸೋದರಮಾವನಿಗೆ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿಯಿತ್ತು. ರಜೆಯಲ್ಲಿ ಸಖರಾಯಪಟ್ಟಣದಿಂದ ಬೆಳಗಿನ ಬಸ್ಸು ಹತ್ತಿ ಅಲ್ಲಿಗೆ ಬಂದು ಕೂರುತ್ತಿದ್ದೆ. ಒಂದು ಕಂಪ್ಯೂಟರ್ ಮಾಸಿಕದ ಜೊತೆ ಪುಕ್ಕಟೆ ಬಂದ ಲಿನಕ್ಸಿನ ಸಿಡಿಯನ್ನು, ಮಾವ ಊಟಕ್ಕೆ ಹೋದ ಹೊತ್ತು ನೋಡಿ, ಅವರ ಕಂಪ್ಯೂಟರಿಗೆ ಹಾಕಿದೆ. ಅದು ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ನಾನು ವಿನಯವಂತ ಹುಡುಗ, ಕೇಳಿದ್ದಕ್ಕೆಲ್ಲ ಹೌದು ಎಂದೆ. ಮಾವ ಊಟ ಮಾಡಿ ಬರುವಷ್ಟರಲ್ಲಿ ಆ ಸೀಸನ್ನಿನ ಲಗ್ನಪತ್ರಿಕೆಗಳೆಲ್ಲ ಅಳಿಸಿಹೋಗಿದ್ದವು. ಮಾವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಮೂರು ದಿನವೂ ನಾನು ಅಂಗಡಿಯಲ್ಲೇ ಕೂತು ಪತ್ರಿಕೆಗಳನ್ನೆಲ್ಲ ಮತ್ತೆ ಟೈಪ್ ಮಾಡಿದೆ. ‘ತಮ್ಮ ಆಗಮನಾಭಿಲಾಷಿಗಳು’ ಎಂಬುದನ್ನು ಈಗಲೂ ಕಣ್ಣು ಮುಚ್ಚಿಕೊಂಡು ಟೈಪ್ ಮಾಡಬಲ್ಲೆ.

ಅಳಿಸುವ ಚಾಳಿ ಅದಕ್ಕೂ ಮುಂಚಿನದು. ಊರಿನ ಶಾಲೆಯಲ್ಲಿ ಸ್ಲೇಟು ಒರೆಸಲು ನಾವು ತೊಂಡೆ ಎಲೆ ಒಯ್ಯುತ್ತಿದ್ದೆವು. ಹಿಂದಿನ ಸಂಜೆಯೇ ಬೇಲಿಯಿಂದ ಕಿತ್ತು, ಬಾಡದಿರಲೆಂದು ನೀರು ಚಿಮುಕಿಸಿ, ಚೀಲದ ಒಂದು ಮೂಲೆಯಲ್ಲಿ ಇಟ್ಟುಕೊಂಡಿರಬೇಕು. ಎಲೆಯಿಂದ ಉಜ್ಜಿದರೆ ಸ್ಲೇಟು ಕರ್ರಗೆ ಹೊಳೆಯುತ್ತಿತ್ತು. ಎಲೆ ಮರೆತು ಬಂದವರಿಗೆ ಎಂಜಲೇ ಗತಿ. ನನಗೆ ಬರೆಯುವುದಕ್ಕಿಂತ ಒರೆಸುವುದರಲ್ಲೇ ಖುಷಿ ಹೆಚ್ಚು. ಮೇಷ್ಟ್ರು ನೋಡುವ ಮೊದಲೇ ಲೆಕ್ಕ ಒರೆಸಿಬಿಡುತ್ತಿದ್ದೆ, ಸರಿಯಾಗಿಯೇ ಮಾಡಿದ್ದೆ ಸಾರ್ ಎನ್ನುತ್ತಿದ್ದೆ. ಅವರು ನಂಬುತ್ತಿರಲಿಲ್ಲ. ನಂಬದೆ ಇದ್ದದ್ದು ಸರಿಯೇ. ಇಂಥವನು ಮುಂದೊಂದು ದಿನ ಇಬ್ಬರನ್ನು ಎದುರಿಗೆ ಕೂರಿಸಿಕೊಂಡು ಸರ್ವರು ನೋಡಿಕೊಳ್ಳುವ ಪಾಠ ಹೇಳಿದ.

ಆ ಇಬ್ಬರಲ್ಲಿ ಒಬ್ಬರು ಈ ನೋಟ್‌ಬುಕ್ಕಿನ ಓಂಕಾರಣ್ಣ. ಎಮ್ಮೆದೊಡ್ಡಿ ಕಡೆಯವರು. ಕಂಬ ಹತ್ತಿ ಕೇಬಲ್ ಎಳೆಯುವುದರಲ್ಲಿ ಅವರನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿ ಇಲ್ಲ. ಇನ್ನೊಬ್ಬರು ಗಂಗಕ್ಕ. ಅವರ ಪೂರ್ತಿ ಹೆಸರು ಗಂಗಾಂಬಿಕಾ. ಗಂಗಕ್ಕ ಎಂದರೆ ಆಗ ನಮ್ಮ ಕಡೆ ಗೊತ್ತಿಲ್ಲದವರೇ ಇರಲಿಲ್ಲ. ನಮ್ಮ ಆಫೀಸಿನದೇ ಒಂದು ಲೋಕಲ್ ಚಾನೆಲ್ ಇತ್ತು. ಹನ್ನೆರಡು ವರ್ಷ ಸಂಜೆ ಏಳಕ್ಕೆ ಅದರಲ್ಲಿ ಸುದ್ದಿ ಓದುತ್ತಿದ್ದವರು ಗಂಗಕ್ಕ. ನಾಳೆ ಎಲ್ಲೆಲ್ಲಿ ಕರೆಂಟು ಇರುವುದಿಲ್ಲ, ಯಾರ ಹಸು ತಪ್ಪಿಸಿಕೊಂಡಿದೆ, ಯಾವ ಶಾಲೆಯಲ್ಲಿ ವಾರ್ಷಿಕೋತ್ಸವ, ಕೊನೆಯಲ್ಲಿ ನಿಧನ ವಾರ್ತೆ. ಕ್ಯಾಮೆರಾಕ್ಕೆ ಕಾಣುವಷ್ಟು ರೇಷ್ಮೆ ಸೀರೆ, ಕಾಣದ ಕಡೆ ಹವಾಯಿ ಚಪ್ಪಲಿ. ಮಧ್ಯೆ ಮಧ್ಯೆ ಕ್ಯಾಮೆರಾದವನನ್ನು ಕರೆದುಕೊಂಡು ಹಳ್ಳಿಗಳಿಗೆ ಹೋಗಿ ಅಲ್ಲಿನವರನ್ನು ಮಾತಾಡಿಸಿಕೊಂಡು ಬರುತ್ತಿದ್ದರು. ಸಂತೆಗೆ ಹೋದರೆ ಸೊಪ್ಪು ಮಾರುವವರು ಸೊಪ್ಪಿನ ಜೊತೆಗೆ, ನಿನ್ನೆಯ ಸೀರೆಗಿಂತ ಮೊನ್ನೆಯದೇ ಒಪ್ಪುತ್ತಿತ್ತು ಎಂದು ಅಭಿಪ್ರಾಯವನ್ನೂ ಕೊಡುತ್ತಿದ್ದರು.

ಮೊಬೈಲು ಬಂದ ಮೇಲೆ ಆ ಚಾನೆಲ್ ನೋಡುವವರು ಇಲ್ಲವಾದರು. ಮಾಲೀಕರು ಒಂದು ದಿನ ಅದನ್ನು ಮುಚ್ಚಿದರು. ಅವರು ಒಳ್ಳೆಯವರೇ, ಆದರೆ ಮಾತು ನೇರ. ನನ್ನನ್ನು ಕರೆದು, ಓಂಕಾರಪ್ಪನಿಗೂ ಗಂಗಕ್ಕನಿಗೂ ಮೂರು ತಿಂಗಳು ಸರ್ವರಿನ ಕೆಲಸ ಕಲಿಸಿ, ಆಮೇಲೆ ಯಾರನ್ನು ಇಟ್ಟುಕೊಳ್ಳಬಹುದು ಎಂದು ಬರೆದುಕೊಡಿ ಎಂದರು.

“ಓಂಕಾರಪ್ಪಂಗೆ ಕಂಬ ಇದ್ದೇ ಐತೆ. ಆಯಮ್ಮಂಗೆ ಇದೊಂದ್ ಬಿಟ್ರೆ ನಮ್ಮಲ್ಲಿ ಬೇರೆ ಕೆಲ್ಸ ಇಲ್ಲ. ನೀವ್ ಆಗಲ್ಲ ಅಂತ ಬರದ್ರೆ ಮುಂದಿನ್ ತಿಂಗ್ಳಿಂದ ಬರ್ಬ್ಯಾಡಿ ಅನ್ಬೇಕಾಗ್ತದೆ. ನೋಡ್ಕೊಂಡ್ ಬರೀರಿ.”

ಗಂಗಕ್ಕನಿಗೂ ಇದು ಗೊತ್ತಿತ್ತು. ಮನೆಯಲ್ಲಿ ತೆಂಗಿನ ತೋಟವಿತ್ತು, ಉಣ್ಣಲು ಉಡಲು ತೊಂದರೆಯಿರಲಿಲ್ಲ. ಆದರೆ ಮೊದಲ ದಿನವೇ ನನ್ನ ಹತ್ತಿರ ಬಂದು ಹೇಳಿದ್ದರು: “ಹನ್ನೆರಡು ವರ್ಷ ಈ ಮೆಟ್ಲು ಹತ್ತಿದೀನಿ ಸಾರ್. ಜನ ನನ್ ಹೆಸ್ರಿಡಿದು ಮಾತಾಡ್ಸಿದ್ದೇ ಈ ಮೆಟ್ಲಿಂದ. ಕಲೀತೀನಿ. ನಿಧಾನ ಆದ್ರೂ ಕಲೀತೀನಿ.” ಅವರಿಗೆ ಆಗ ನಲವತ್ತಾರು. ನನಗಿಂತ ಐದು ವರ್ಷ ದೊಡ್ಡವರು. ಅವರು ನನ್ನನ್ನು ಸಾರ್ ಎನ್ನುವುದು, ನಾನು ಅವರನ್ನು ಅಕ್ಕ ಎನ್ನುವುದು ನಡೆದುಕೊಂಡು ಬಂದ ರೀತಿ.

ಪಾಠದ ಮೊದಲ ವಾರದಲ್ಲೇ ಒಂದು ದೊಡ್ಡ ತಕರಾರು ಎದ್ದಿತು. ಲಿನಕ್ಸಿನ ಸ್ವಭಾವ ನಿಮಗೆ ಗೊತ್ತೋ ಇಲ್ಲವೋ. ಹೇಳಿದ ಕೆಲಸ ತಪ್ಪಾದರೆ ಗೊಣಗುತ್ತದೆ, ಸರಿಯಾಗಿ ಆದರೆ ಬಾಯಿಯೇ ಬಿಡುವುದಿಲ್ಲ. ಸುಮ್ಮನೆ ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ. ಇದು ಇಬ್ಬರಿಗೂ ಸರಿ ಕಾಣಲಿಲ್ಲ. ಇಷ್ಟು ಕಷ್ಟಪಟ್ಟು ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದೇವೆ, ‘ಆಯ್ತು’ ಎಂಬ ಒಂದು ಮಾತನ್ನಾದರೂ ಹೇಳಬಾರದೇ ಎಂದು ಓಂಕಾರಣ್ಣನ ವಾದ. ಅದು ಹೇಳದಿದ್ದರೆ ಕೆಲಸ ಆಗಿದೆ ಎಂದೇ ಅರ್ಥ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಕಡೂರಿನಲ್ಲಿ ಕೂತು ಅಜ್ಜಂಪುರದ ಮಿಷನ್ನಿಗೆ ಏನಾದರೂ ಹೇಳಿದ ಮೇಲೆ, ಅಲ್ಲಿನ ಕಾವಲುಗಾರನಿಗೆ ಫೋನು ಮಾಡಿ, ಲೈಟು ಮಿಣುಕುತ್ತಿದೆಯಾ ಎಂದು ಕೇಳಿಕೊಳ್ಳುತ್ತಿದ್ದರು.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ದೂರದಿಂದಲೇ ಮಿಷನ್ನನ್ನು ಆರಿಸಿ ಮತ್ತೆ ಚಾಲೂ ಮಾಡುವುದನ್ನು ಒಂದು ದಿನ ಇಡೀ ಬೆಳಿಗ್ಗೆ ಹೇಳಿಕೊಟ್ಟೆ. ಮಧ್ಯಾಹ್ನ ನೋಡಿದರೆ ಓಂಕಾರಣ್ಣ ನಾಪತ್ತೆ. ಬೀರೂರಿನ ಮೇಲೆ ಹೋಗುವ ಬಸ್ಸು ಹಿಡಿದು ಅಜ್ಜಂಪುರಕ್ಕೆ ಹೋಗಿ, ಮಿಷನ್ನಿನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ನಾನು ಹೇಳಿಕೊಟ್ಟ ಆಜ್ಞೆಯನ್ನು ತಪ್ಪಿಲ್ಲದೆ ಅಲ್ಲೇ ಕೊಟ್ಟು ಬಂದಿದ್ದರು. ಇಲ್ಲಿಂದಲೇ ಮಾಡಬಹುದಿತ್ತಲ್ಲ ಎಂದರೆ, ಮದುವೆಗೆ ಫೋನಿನಲ್ಲಿ ಕರೆದರೆ ಯಾರಾದರೂ ಬರುತ್ತಾರಾ, ಖುದ್ದು ಹೋಗಿ ಹೇಳಿದರೇ ಮರ್ಯಾದೆ ಎಂದರು. ಮಿಷನ್ನು ಆವತ್ತು ಏನೂ ತೊಂದರೆ ಕೊಡದೆ ಎದ್ದಿತ್ತು ಎಂಬುದು ಅವರ ಪಾಲಿಗೆ ಸಾಕ್ಷಿ. ಅವರ ನೋಟ್‌ಬುಕ್ಕಿನಲ್ಲಿ ಆ ಆಜ್ಞೆಯ ಪಕ್ಕದಲ್ಲೇ ಬಸ್ಸಿನ ಹೊತ್ತನ್ನೂ ಬರೆದುಕೊಂಡಿದ್ದಾರೆ.

ಗಂಗಕ್ಕನ ರೀತಿಯೇ ಬೇರೆ. ಬಲಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಮಾಡಿ ಮುಗಿಸಿದ ಮೇಲೆ ಎಂಟರ್ ಒತ್ತುವ ಮೊದಲು ಇಡೀ ಸಾಲನ್ನು ಗಟ್ಟಿಯಾಗಿ, ಸುದ್ದಿ ಓದುವ ದನಿಯಲ್ಲಿ ಓದುತ್ತಿದ್ದರು. ಆ ದನಿಯಲ್ಲಿ ಓದಿದಾಗ ಮೂರಕ್ಷರದ ಆಜ್ಞೆಗೂ ಒಂದು ಘನತೆ ಬಂದುಬಿಡುತ್ತಿತ್ತು. ಕೆಳಗಿನ ಗೊಬ್ಬರದಂಗಡಿಯಲ್ಲಿ ಚೀಲ ಹೊರುತ್ತಿದ್ದವರು, ಚಾನೆಲ್ ಮತ್ತೆ ಶುರುವಾಯಿತಾ ಎಂದು ಮೇಲೆ ಬಂದು ಇಣುಕಿದ್ದೂ ಉಂಟು. ನನಗೆ ಮಾತ್ರ ತಾಳ್ಮೆ ಇರಲಿಲ್ಲ. ಮನಸ್ಸಿನಲ್ಲೇ ಓದಿಕೊಳ್ಳಿ ಅಕ್ಕ, ಸರ್ವರ್ ರೂಮು ಸ್ಟುಡಿಯೋ ಅಲ್ಲ ಎಂದುಬಿಟ್ಟೆ. ಜನಕ್ಕೆ ಓದುವ ಮುಂಚೆ ಒಂದು ಸಲ ತಾನು ಓದಿಕೊಳ್ಳಬೇಕು ಎಂಬುದು ಅಲ್ಲಿ ಕಲಿತದ್ದು ಸಾರ್ ಎಂದರು. ಮಾರನೆಯ ದಿನದಿಂದ ಬರೀ ತುಟಿ ಅಲ್ಲಾಡಿಸುತ್ತಿದ್ದರು. ಈಗ ಯೋಚಿಸಿದರೆ, ಆ ಅಭ್ಯಾಸ ನನಗೊಂದಿಷ್ಟು ಇದ್ದಿದ್ದರೆ ಮಾವನ ಲಗ್ನಪತ್ರಿಕೆಗಳು ಉಳಿಯುತ್ತಿದ್ದವು.

ಕೊನೆಗೆ ಅಳಿಸುವ ಪಾಠ ಬಂತು. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಲಿನಕ್ಸಿನಲ್ಲಿ ಅಳಿಸಿದ್ದು ಹೋದಂತೆಯೇ, ಕಸದ ಬುಟ್ಟಿಯಿಂದ ಹೆಕ್ಕಿಕೊಳ್ಳುವ ಹಾಗಿಲ್ಲ ಎಂದೆಲ್ಲ ಹೆದರಿಸಿದೆ. ಯಾವುದನ್ನು ಅಳಿಸುವ ಮುಂಚೆಯೂ ಇದು ಮುಂದೆ ಯಾರಿಗಾದರೂ ಬೇಕಾಗಬಹುದೇ ಎಂದು ಯೋಚಿಸಿ, ಬೇಕಾಗುವ ಹಾಗಿದ್ದರೆ ಇನ್ನೊಂದು ಊರಿನ ಮಿಷನ್ನಿನಲ್ಲಿ ಒಂದು ಪ್ರತಿ ಇಟ್ಟು ಆಮೇಲೆ ಅಳಿಸಿ ಎಂದೆ. ಮಾವನ ಅಂಗಡಿಯ ಕಥೆಯನ್ನು ಉದಾಹರಣೆಗೆ ಹೇಳಿದೆ. ಆದರೆ ಅದನ್ನು ಮಾಡಿದವನು ನಾನೇ ಎಂಬುದನ್ನು ಹೇಳಲಿಲ್ಲ. ‘ಒಬ್ಬ ಹುಡುಗ’ ಎಂದೆ. ಗಂಗಕ್ಕ ಎಲ್ಲವನ್ನೂ ಬರೆದುಕೊಂಡರು.

ಪರೀಕ್ಷೆ ಶನಿವಾರ. ಲೋಕಲ್ ಚಾನೆಲ್ಲಿನ ಹಳೆಯ ಕಾರ್ಯಕ್ರಮಗಳೆಲ್ಲ ಅಜ್ಜಂಪುರದ ಮಿಷನ್ನಿನಲ್ಲಿ ತುಂಬಿಕೊಂಡಿದ್ದವು. ಊರಿಗೊಂದು ಫೋಲ್ಡರು, ಒಂದೊಂದರಲ್ಲೂ ಹತ್ತಾರು ವಿಡಿಯೋ. ಇನ್ನು ಅವು ಯಾರಿಗೆ ಬೇಕು, ಅಳಿಸಿ ಜಾಗ ಮಾಡಿ ಎಂದು ಮಾಲೀಕರು ಹೇಳಿದ್ದರು. ಅದನ್ನೇ ಗಂಗಕ್ಕನಿಗೆ ಪರೀಕ್ಷೆಯಾಗಿ ಕೊಟ್ಟೆ. ಅವರ ಹನ್ನೆರಡು ವರ್ಷದ ಕೆಲಸವನ್ನು ಅವರ ಕೈಯಿಂದಲೇ ಅಳಿಸಲು ಹೇಳುತ್ತಿದ್ದೇನೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಸುಲಭದ ಪ್ರಶ್ನೆ. ಶುಕ್ರವಾರವೇ ವಿಷಯ ಹೇಳಿ, ಶನಿವಾರ ಮಧ್ಯಾಹ್ನದೊಳಗೆ ಫೋಲ್ಡರುಗಳೆಲ್ಲ ಖಾಲಿಯಾಗಿರಬೇಕು ಎಂದೆ.

ಶನಿವಾರ ಮಧ್ಯಾಹ್ನ ಓಂಕಾರಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೌಲ್ಯಮಾಪನಕ್ಕೆ ಕೂತೆ. ಮೊದಲನೆಯ ಫೋಲ್ಡರು ತೆರೆದೆ, ಅದರಲ್ಲಿ ಒಂದು ವಿಡಿಯೋ ಉಳಿದಿತ್ತು. ಎರಡನೆಯದರಲ್ಲೂ ಒಂದು. ಮೂರನೆಯದರಲ್ಲೂ ಒಂದು. ಮರೆತಿರಬಹುದು ಎನ್ನುವ ಹಾಗಿರಲಿಲ್ಲ. ಯಾಕೆ ಎಂದು ಕೇಳಿದೆ. ಗಂಗಕ್ಕ, ತಮ್ಮ ತವರಿನಲ್ಲಿ ರಾಗಿಯ ಕಣಜವನ್ನು ಪೂರ್ತಿ ಬಳಿಯುವುದಿಲ್ಲ, ಒಂದು ಹಿಡಿಯಾದರೂ ತಳದಲ್ಲಿ ಬಿಡುತ್ತಾರೆ, ಕೈ ಬರಲಿಲ್ಲ ಎಂದರು.

ನಮ್ಮ ಕಡೆ ಇದು ಎಲ್ಲರ ಮನೆಯಲ್ಲೂ ಇರುವುದೇ. ಪಕ್ಕದ ಮನೆಯ ಡಬ್ಬಿಯನ್ನು ನನ್ನ ಅಮ್ಮ ಒಂದು ದಿನವೂ ಬರಿದಾಗಿ ಹಿಂದಿರುಗಿಸಿದವಳಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕುತ್ತಿದ್ದಳು. ನನಗೂ ಗೊತ್ತಿದ್ದ ಸಂಗತಿ. ಆದರೆ ನಾನು ಆಗ ಮೇಷ್ಟ್ರ ಕುರ್ಚಿಯಲ್ಲಿ ಕೂತಿದ್ದೆ. ಆ ಕುರ್ಚಿಯಲ್ಲಿ ಕೂತವನಿಗೆ ಅಮ್ಮನ ಮನೆ ನೆನಪಾಗುವುದು ಕಷ್ಟ. ಇದು ಕಣಜವಲ್ಲ, ಖಾಲಿ ಮಾಡಿ ಎಂದರೆ ಖಾಲಿ ಮಾಡಬೇಕು, ನಾಳೆ ದಿನ ವೈರಸ್ ಬಂದ ಫೈಲಿನಲ್ಲೂ ಒಂದು ಹಿಡಿ ಉಳಿಸುತ್ತೀರಾ ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಭಾಷಣ ಸಾಲದೆಂದು, ನೋಡಿ ಹೀಗೆ ಎಂದು ಕೀಬೋರ್ಡನ್ನು ನನ್ನ ಕಡೆಗೆ ಎಳೆದುಕೊಂಡು, ಉಳಿದಿದ್ದನ್ನೆಲ್ಲ ಒಂದೇ ಸಾಲಿನಲ್ಲಿ ಅಳಿಸಿ ತೋರಿಸಿದೆ. ಪರದೆ ಏನೂ ಹೇಳದೆ ಮುಂದಿನ ಸಾಲಿಗೆ ಬಂತು. ಓಂಕಾರಣ್ಣ ಕೆಮ್ಮಿದರು. ಗಂಗಕ್ಕ, “ಆಯ್ತು ಸಾರ್” ಎಂದು ಎದ್ದು ಹೋದರು.

ಅವರು ಹೋದ ಮೇಲೆ ವರದಿ ಬರೆದೆ. ಓಂಕಾರಪ್ಪನವರು ದೂರದಿಂದ ಕೆಲಸ ಮಾಡಲು ಒಪ್ಪುವುದಿಲ್ಲ, ಕಂಬದ ಕೆಲಸಕ್ಕೆ ಉತ್ತಮ ಎಂದು. ಗಂಗಾಂಬಿಕಾ ಅವರು ಹೇಳಿದ ಕೆಲಸವನ್ನು ಪೂರ್ತಿ ಮಾಡುವುದಿಲ್ಲ, ಸರ್ವರುಗಳನ್ನು ಅವರೊಬ್ಬರ ಕೈಗೆ ಬಿಡುವುದು ಕಷ್ಟ ಎಂದು. ಬರೆಯುವಾಗ ಬೇಜಾರಾಗಲಿಲ್ಲ ಎಂದರೆ ಸುಳ್ಳು. ಎರಡು ಸಲ ಹೊಡೆದು ಹಾಕಿ ಮೂರನೆಯ ಸಲವೂ ಅದನ್ನೇ ಬರೆದೆ. ಕೆಲಸದಲ್ಲಿ ದಾಕ್ಷಿಣ್ಯ ಕೂಡದು ಎಂದು ನನಗೆ ನಾನೇ ಹೇಳಿಕೊಂಡು ಲಕೋಟೆಗೆ ಹಾಕಿ ಅಂಟಿಸಿದೆ. ಸೋಮವಾರ ಮಧ್ಯಾಹ್ನ ಮಾಲೀಕರು ಬರುವವರಿದ್ದರು.

ಸೋಮವಾರ ಬೆಳಿಗ್ಗೆ ಓಂಕಾರಣ್ಣ ಎಂದಿನಂತೆ ಅಜ್ಜಂಪುರಕ್ಕೆ ಖುದ್ದು ಹೋಗಿದ್ದರು. ಆಫೀಸಿನಲ್ಲಿ ನಾನು, ಗಂಗಕ್ಕ ಇಬ್ಬರೇ. ಹನ್ನೊಂದರ ಸುಮಾರಿಗೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಯಗಟಿಯವಳು. ಅವಳ ಅಪ್ಪ ಕಂಬಳಿ ನೇಯುತ್ತಿದ್ದನಂತೆ. ಏಳೆಂಟು ವರ್ಷದ ಹಿಂದೆ ಗಂಗಕ್ಕ ಅವರ ಊರಿಗೆ ಹೋದಾಗ ಮಗ್ಗದ ಎದುರಿಗೇ ಕೂರಿಸಿಕೊಂಡು ಅವನನ್ನು ಮಾತಾಡಿಸಿದ್ದರಂತೆ. ಅದು ಟೀವಿಯಲ್ಲಿ ಬಂದ ದಿನ ಇವಳು ಗಂಡನ ಮನೆಯಲ್ಲಿದ್ದಳು, ಅಲ್ಲಿ ನಮ್ಮ ಕೇಬಲ್ ಇರಲಿಲ್ಲ, ನೋಡಿರಲಿಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

“ಫೋಟೋ ಐತೆ ಸಾರ್. ಮಾತಿಲ್ಲ,” ಎಂದಳು. “ನನ್ ಮಗ ಅವ್ರ ದನಿ ಹೆಂಗಿತ್ತು ಅಂತ ಕೇಳ್ತಾನೆ. ಹೆಂಗಿತ್ತು ಅಂತ ಹೇಳೋಕ್ ಆಗಲ್ವಲ್ಲ ಸಾರ್ ಅದು.”

ಯಗಟಿಯ ಫೋಲ್ಡರಿನಲ್ಲಿ ಉಳಿದಿದ್ದ ಒಂದೇ ಒಂದು ವಿಡಿಯೋ ನನ್ನ ಕಣ್ಣೆದುರಿಗೆ ಬಂತು. ಅದರ ಹೆಸರಿನಲ್ಲಿ ‘ಕಂಬಳಿ’ ಎಂದಿತ್ತು. ಶನಿವಾರ ಅದನ್ನು ಓದಿಯೂ ಓದದವನ ಹಾಗೆ ಅಳಿಸಿದವನು ನಾನು. ಈಚೆಗೆ ಜಾಗವಿಲ್ಲವೆಂದು ಎಲ್ಲ ತೆಗೆದೆವಮ್ಮಾ, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದೆ. ಆ ಮೊದಲು ಎಂದರೆ ಎರಡೇ ದಿನದ ಮೊದಲು ಎಂಬುದನ್ನು ನುಂಗಿಕೊಂಡೆ. ಅವಳು ಪರವಾಗಿಲ್ಲ ಸಾರ್ ಎಂದಳು. ಅವಳು ಬೈದಿದ್ದರೆ ನನಗೆ ಇದಕ್ಕಿಂತ ಸಮಾಧಾನವಾಗುತ್ತಿತ್ತು.

ಆಗ ಗಂಗಕ್ಕ ಎದ್ದರು. ಅವಳನ್ನು ಕೂರಿಸಿ ನೀರು ಕೊಟ್ಟರು. ನನ್ನ ಕಡೆ ನೋಡದೆ ತಮ್ಮ ಜಾಗಕ್ಕೆ ಹೋಗಿ, ಅದೇ ಒಂದು ಬೆರಳಿನಲ್ಲಿ ಟೈಪ್ ಮಾಡತೊಡಗಿದರು. ನಾನು ಹಿಂದೆ ಹೋಗಿ ನಿಂತೆ. ಅವರು ಹೋದದ್ದು ಅಜ್ಜಂಪುರಕ್ಕಲ್ಲ, ತರೀಕೆರೆಯ ಮಿಷನ್ನಿಗೆ. ಅಲ್ಲಿ ‘ಬಿತ್ತನೆ’ ಎಂಬ ಒಂದು ಫೋಲ್ಡರು. ನಾನು ಅದನ್ನು ನೋಡಿಯೇ ಇರಲಿಲ್ಲ. ಅದರೊಳಗೆ ಊರೂರಿನ ಹೆಸರಿನಲ್ಲಿ ಒಂದೊಂದು ವಿಡಿಯೋ. ಶನಿವಾರ ನಾನು ಅಳಿಸಿದ್ದೆಲ್ಲ ಅಲ್ಲಿ ಸಾಲಾಗಿ ಇತ್ತು. ಒಂದೊಂದರ ಅಳತೆಯೂ ಮೂಲದ ಜೊತೆ ಸರಿಹೋಗಿದೆಯೇ ಎಂದು ಪರೀಕ್ಷಿಸಿ ಬರೆದಿಟ್ಟ ಒಂದು ಪಟ್ಟಿ ಕೂಡ ಇತ್ತು. ಪ್ರತಿ ಮಾಡಿದ ಮೇಲೆ ಹಾಗೆ ಸರಿನೋಡಬೇಕು ಎಂದು ನಾನು ಎಂದೋ ಒಂದು ಸಲ, ಗಡಿಯಾರ ನೋಡಿಕೊಂಡು ಅವಸರದಲ್ಲಿ ಹೇಳಿದ್ದೆ. ಗಂಗಕ್ಕ ಯಗಟಿಯದನ್ನು ಕಡೂರಿಗೆ ತರಿಸಿಕೊಂಡರು. ಎಂಟರ್ ಒತ್ತುವ ಮುಂಚೆ ತುಟಿ ಅಲ್ಲಾಡಿತು. ಒಂದಕ್ಷರವೂ ತಪ್ಪಲಿಲ್ಲ.

ವಿಡಿಯೋ ಶುರುವಾಯಿತು. ಮಗ್ಗದ ಹಿಂದೆ ತಲೆಗೆ ಟವೆಲು ಸುತ್ತಿದ ಮನುಷ್ಯ. ಗಂಗಕ್ಕನ ಹಳೆಯ ದನಿ ಏನೋ ಕೇಳಿತು. ಅವನು ತಲೆಯೆತ್ತದೆ, “ಉಣ್ಣೆ ಒದ್ದೆ ಆಗಿರ್ಬಾರ್ದು ಕಣಮ್ಮ, ಒದ್ದೆ ಇದ್ರೆ ಎಳೆ ನಿಲ್ಲಕಿಲ್ಲ” ಎಂದ. ಅಷ್ಟೇ ಮಾತು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಂದು ಸಲ ಹಾಕಿ ಎಂದಳು. ಗಂಗಕ್ಕ ಹಾಕಿದರು. ನಾಲ್ಕು ಸಲ ಹಾಕಿದರು. ಆಮೇಲೆ ಅವಳ ಮೊಬೈಲಿಗೆ ಹಾಕಿಕೊಟ್ಟು, ಮೆಟ್ಟಿಲವರೆಗೂ ಹೋಗಿ ಕಳಿಸಿ ಬಂದರು.

ಇಷ್ಟೊಂದರಲ್ಲಿ ಇದನ್ನೇ ಯಾಕೆ ಉಳಿಸಿದಿರಿ ಎಂದು ಕೇಳಿದೆ. ಹತ್ತಾರರಲ್ಲಿ ಕೈಗೆ ಸಿಕ್ಕಿದ್ದನ್ನು ಬಿಟ್ಟಿರಬೇಕು ಎಂದುಕೊಂಡಿದ್ದೆ. ಹಾಗಲ್ಲವಂತೆ. ಚಾನೆಲ್ ಇದ್ದಷ್ಟು ದಿನ ನಿಧನ ವಾರ್ತೆ ಓದಿದ್ದು ಅವರೇ ತಾನೇ. ಯಾವ ಊರಿನಲ್ಲಿ ಯಾರು ಹೋದರು ಎಂಬುದು ಅವರಿಗೆ ಬಾಯಿಪಾಠ. ಚಾನೆಲ್ ಮುಚ್ಚಿದ ಮೇಲೂ ಜನ ದಾರಿಯಲ್ಲಿ ನಿಲ್ಲಿಸಿ ಹೇಳುತ್ತಿದ್ದರಂತೆ. ಶುಕ್ರವಾರ ಸಂಜೆ ಒಬ್ಬರೇ ಕೂತು ಒಂದೊಂದೂರಿನ ಪಟ್ಟಿಯನ್ನೂ ನೋಡಿ, ಈಗ ಇಲ್ಲದವರನ್ನು ಆರಿಸಿದ್ದರು.

“ಇರೋರ್ನ ಬೇಕಾದ್ರೆ ಮತ್ತೆ ಮಾತಾಡ್ಸ್‌ಬೋದು ಸಾರ್. ಹೋದೋರು ಎಲ್ಲಿ ಸಿಗ್ತಾರೆ? ಅಳಿಸೋ ಮುಂಚೆ ಇನ್ನೊಂದ್ ಊರಲ್ಲಿ ಇಟ್ಬಿಡಿ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ.”

ಹೇಳಿಕೊಟ್ಟಿದ್ದೆ. ಪರೀಕ್ಷೆಯ ದಿನ ಅದನ್ನು ನಾನೇ ಮಾಡಲಿಲ್ಲ, ಅವರು ಮಾಡಿದ್ದಾರೆಯೇ ಎಂದು ನೋಡಲೂ ಇಲ್ಲ. ಕೊನೆಗೆ ಕೇಳಿದೆ.

“ಶನಿವಾರ ನಾನ್ ಅಷ್ಟ್ ಬೈದಾಗ್ಲೇ ಇದನ್ನ ಯಾಕ್ ಹೇಳ್ಲಿಲ್ಲ ಅಕ್ಕ?”

ಗಂಗಕ್ಕ ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಓಂಕಾರಣ್ಣ ಇದ್ರಲ್ಲ ಸಾರ್” ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಇನ್ನೊಬ್ಬರ ಎದುರಿಗೆ ಪಾಠ ಹೇಳುವವನ ತಪ್ಪು ತೋರಿಸಬಾರದು ಎಂದು, ತಮ್ಮ ಕೆಲಸವೇ ಹೋಗುವ ಹೊತ್ತಿನಲ್ಲಿ, ಅವರು ಬಾಯಿ ಮುಚ್ಚಿಕೊಂಡು ಎದ್ದು ಹೋಗಿದ್ದರು. ನಾನು ಅದನ್ನು ಸೋತವರ ಮೌನ ಎಂದುಕೊಂಡು ಲಕೋಟೆ ಅಂಟಿಸಿದ್ದೆ. ಮಾವನ ಅಂಗಡಿಯ ಆ ‘ಒಬ್ಬ ಹುಡುಗ’ ನಾನೇ ಎಂದು ಅವರಿಗೆ ಆಗ ಹೇಳಿದೆ. ಗೊತ್ತಿತ್ತು ಸಾರ್, ನಿಮ್ಮ ಮಾವ ನಮ್ಮ ಮದುವೆಯ ಪತ್ರಿಕೆ ಮಾಡಿಕೊಟ್ಟವರು, ಅವರೇ ಹೇಳಿದ್ದರು ಎಂದರು.

ಲಕೋಟೆಯನ್ನು ಹರಿದು ಬುಟ್ಟಿಗೆ ಹಾಕಿ ಹೊಸ ವರದಿ ಬರೆದೆ. ಮೂರು ಸರ್ವರುಗಳನ್ನೂ ಗಂಗಾಂಬಿಕಾ ಅವರ ಕೈಗೆ ಕೊಡಬಹುದು ಎಂದು ಒಂದೇ ಸಾಲು. ಮಧ್ಯಾಹ್ನ ಬಂದ ಮಾಲೀಕರು ಅದನ್ನು ಓದಿ, ನಿಜವಾಗಿಯೂ ಬರುತ್ತದಾ ಆಯಮ್ಮನಿಗೆ ಎಂದರು. ನನಗಿಂತ ಚೆನ್ನಾಗಿ ಬರುತ್ತದೆ ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ತಿದ್ದಲು ಹೋಗಲಿಲ್ಲ.

ಅವರು ಹೋದ ಮೇಲೆ ಗಂಗಕ್ಕನನ್ನು ಕೂರಿಸಿ, ಅಜ್ಜಂಪುರದ ಮಿಷನ್ನಿನ ದೊಡ್ಡ ಪಾಸ್‌ವರ್ಡನ್ನು, ಅಂದರೆ ಏನನ್ನು ಬೇಕಾದರೂ ಅಳಿಸುವ ಅಧಿಕಾರ ಕೊಡುವುದನ್ನು, ಬದಲಾಯಿಸಿ ಎಂದೆ. ಏನೆಂದು ಇಡಲಿ ಎಂದರು. ನನಗೆ ಹೇಳಬೇಡಿ ಎಂದು ಕಿಟಕಿಯ ಕಡೆ ತಿರುಗಿ ನಿಂತೆ. ಕೆಳಗೆ ಗೊಬ್ಬರದ ಚೀಲ ಇಳಿಸುತ್ತಿದ್ದರು. ಹಿಂದೆ ಒಂದೊಂದೇ ಅಕ್ಷರ ಒತ್ತುವ ಸದ್ದು ಬಹಳ ಹೊತ್ತು ಕೇಳಿಸಿತು.

ಅದೇ ಪಾಸ್‌ವರ್ಡು ಈಗಲೂ ಅವರ ಹತ್ತಿರ ಮಾತ್ರ ಇದೆ. ಆ ಮಿಷನ್ನಿನಲ್ಲಿ ಏನನ್ನಾದರೂ ಅಳಿಸಬೇಕಾದರೆ ನಾನು ಗಂಗಕ್ಕನ ಮೇಜಿನ ಹತ್ತಿರ ಹೋಗಿ ನಿಲ್ಲಬೇಕು. ಅವರು ಕನ್ನಡಕದ ಮೇಲಿಂದ ನೋಡಿ, “ಯಾಕ್ ಸಾರ್, ಏನೈತೆ ಅದ್ರಲ್ಲಿ?” ಎಂದು ಕೇಳುತ್ತಾರೆ. ನಾನು ಹೋಗಿ ನೋಡಿಕೊಂಡು ಬಂದು ಕಾರಣ ಹೇಳುತ್ತೇನೆ. ಒಪ್ಪಿದರೆ ಅಳಿಸುತ್ತಾರೆ.